ಕೆಡವಿದ 300 ಮನೆಗಳಿಂದ ಎದ್ದ ಕಟ್ಟಡ

ದಕ್ಷಿಣ ಗೋವಾದ ಬೆನೌಲಿಮ್ ಊರಿನಲ್ಲಿ 'ಗೋವಾ ಚಿತ್ರ' ಎಂಬ ವಸ್ತುಸಂಗ್ರಹಾಲಯವಿದೆ. ಹಿಂದಿನವರು ಹೊಲದಲ್ಲಿ, ಮನೆಯಲ್ಲಿ ಬಳಸುತ್ತಿದ್ದ 4,000ಕ್ಕೂ ಹೆಚ್ಚು ವಸ್ತುಗಳು ಅಲ್ಲಿವೆ. ಮಕ್ಕಳೇ, ಅಲ್ಲಿಗೆ ಹೋದರೆ ಒಳಗಿನ ನೇಗಿಲು, ಗಾಡಿಗಳಿಗಿಂತ ಮೊದಲು ಕಟ್ಟಡವನ್ನೇ ಒಮ್ಮೆ ಕಣ್ತುಂಬ ನೋಡಿ. ಗೋವಾದ ಬೇರೆ ಬೇರೆ ಕಡೆ ಕೆಡವಿದ ಸುಮಾರು 300 ಹಳೆಯ ಮನೆಗಳ ಸಾಮಗ್ರಿಯನ್ನು ತಂದು, ಕಲಾವಿದ ವಿಕ್ಟರ್ ಹ್ಯೂಗೊ ಗೋಮ್ಸ್ ಅದನ್ನು ಕಟ್ಟಿಸಿದರು.

ಅಷ್ಟು ಮನೆಗಳ ಸಾಮಗ್ರಿ ಮತ್ತೆ ಬಳಸುವಷ್ಟು ಚೆನ್ನಾಗಿ ಉಳಿದದ್ದಾದರೂ ಹೇಗೆ? ಗುಟ್ಟು ಇರುವುದು ಗಾರೆಯಲ್ಲಿ.

ಗೋವಾದ ಹಳೆಯ ಗೋಡೆಗಳು ಕೆಂಪು ಜಂಬಿಟ್ಟಿಗೆ ಕಲ್ಲಿನವು. ನೆಲದಿಂದ ಕಡಿದಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. ಕಲ್ಲುಗಳ ನಡುವೆ ಹಾಕುತ್ತಿದ್ದದ್ದು ಸುಣ್ಣದ ಗಾರೆ. ಕಡಲ ಚಿಪ್ಪುಗಳನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಆ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ, ಆದರೂ ಕಲ್ಲಿಗಿಂತ ಮೆದುವಾಗಿಯೇ ಉಳಿಯುತ್ತದೆ. ಮೇಸ್ತ್ರಿ ಸಂದಿಯಲ್ಲಿ ಉಳಿ ಇಟ್ಟು ಮೆಲ್ಲಗೆ ಬಡಿದರೆ ಗಾರೆ ಪುಡಿಯಾಗಿ ಉದುರುತ್ತದೆ, ಕಲ್ಲು ಮೂಲೆ ಮುರಿಯದೆ ಕೈಗೆ ಬರುತ್ತದೆ. ಸಿಮೆಂಟು ಹಾಗಲ್ಲ. ಅದು ನೀರಿನೊಡನೆ ಸೇರಿ ಸಣ್ಣ ಸಣ್ಣ ಹರಳುಗಳಾಗಿ ಕಲ್ಲಿನ ರಂಧ್ರಗಳೊಳಗೆ ಬೆಳೆದುಬಿಡುತ್ತದೆ. ಬಿಡಿಸಲು ಹೋದರೆ ಸಿಮೆಂಟಿನ ಬದಲು ಕಲ್ಲೇ ಒಡೆಯುತ್ತದೆ. ಹೀಗಾಗಿ ಒಂದು ಮನೆ ಮುಂದೆ ಎಷ್ಟು ಕಸವಾಗುತ್ತದೆ ಎನ್ನುವುದು ಅದನ್ನು ಕಟ್ಟುವ ದಿನವೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಹಳೆ ಗೋವಾ ನಗರವನ್ನು ಬಿಟ್ಟು ಜನ ಪಣಜಿಗೆ ಬಂದಾಗಲೂ ಹೀಗೆ ಕಲ್ಲುಗಳ ಮರುಬಳಕೆ ನಡೆಯಿತು. ಹಳೆಯ ಊರಿನಲ್ಲಿ ಕೆಡವಿದ ಕಟ್ಟಡಗಳ ಕಲ್ಲು ಹೊಸ ಊರಿನ ಗೋಡೆಗಳನ್ನು ಸೇರಿತು. ಪಾಳುಬಿದ್ದ ಸಂತ ಅಗಸ್ಟೀನ್ ಚರ್ಚಿನ ದೊಡ್ಡ ಗಂಟೆ ಕೂಡ 1871ರಲ್ಲಿ ಪಣಜಿಯ ಚರ್ಚಿಗೆ ಬಂತು!

ಇಂದಿನ ಕಾಂಕ್ರೀಟು ಮನೆಗಳ ಸಾಮಗ್ರಿಯನ್ನು ಮತ್ತೆ ಬಳಸಲು ಯಂತ್ರವೇ ಬೇಕು. ಮರುಬಳಕೆ ಘಟಕದಲ್ಲಿ ಕ್ರಷರ್ ತುಂಡುಗಳನ್ನು ಜಜ್ಜುತ್ತದೆ, ಅಯಸ್ಕಾಂತ ಕಬ್ಬಿಣದ ಸರಳುಗಳನ್ನು ಎಳೆದುಕೊಳ್ಳುತ್ತದೆ, ಜೋರುಗಾಳಿ ಪ್ಲಾಸ್ಟಿಕ್ಕು ಕಾಗದಗಳನ್ನು ಹಾರಿಸುತ್ತದೆ, ಜರಡಿ ಜಲ್ಲಿಯನ್ನೂ ಮರಳನ್ನೂ ಬೇರೆ ಮಾಡುತ್ತದೆ. ಈ ಜಲ್ಲಿಗೆ ಹಳೆಯ ಸಿಮೆಂಟು ಇನ್ನೂ ಅಂಟಿಕೊಂಡಿರುವುದರಿಂದ ಅದು ಹೊಸ ಜಲ್ಲಿಗಿಂತ ಹೆಚ್ಚು ನೀರು ಕುಡಿಯುತ್ತದೆ. ಅದಕ್ಕೇ ಭಾರತೀಯ ಮಾನಕ ಐಎಸ್ 383, ಸರಳು ಹಾಕಿದ ಸಾಧಾರಣ ದರ್ಜೆಯ ಕಾಂಕ್ರೀಟಿನಲ್ಲಿ ಜಲ್ಲಿಯ 20 ಪ್ರತಿಶತದವರೆಗೆ ಮಾತ್ರ ಇದನ್ನು ಬೆರೆಸಲು ಒಪ್ಪುತ್ತದೆ. ಮಣ್ಣು, ಬಣ್ಣ, ಗಾಜು ಎಲ್ಲ ಕಲಸಿ ಲಾರಿಗೆ ಸುರಿದರೆ ಯಂತ್ರಕ್ಕೂ ಕಷ್ಟ. ಬೇರೆ ಬೇರೆಯಾಗಿ ಇಡಬೇಕೆಂದು 2016ರ ಕೇಂದ್ರ ನಿಯಮಗಳೇ ಹೇಳಿದ್ದವು. ಆದರೂ ಗದ್ದೆಯ ಅಂಚಿನಲ್ಲಿ, ಹಳ್ಳದ ಬದಿಯಲ್ಲಿ ಇಂಥ ಕಸದ ರಾಶಿ ಸುರಿದಿರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮಳೆನೀರು ಹರಿಯುವ ದಾರಿಯೇ ಅಲ್ಲಿ ಮುಚ್ಚಿಹೋಗುತ್ತದೆ.

ಕಸವನ್ನು ಮತ್ತೆ ಬಳಸುವುದಕ್ಕಿಂತ ಒಳ್ಳೆಯದು, ಕಸವೇ ಹುಟ್ಟದಂತೆ ನೋಡಿಕೊಳ್ಳುವುದು. ಗೋವಾದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೊದಲೇ ಸಿಮೆಂಟು ತಂದಿಟ್ಟರೆ ಚೀಲದೊಳಗೇ ತೇವ ಹಿಡಿದು ಕಲ್ಲಾಗುತ್ತದೆ. ಬೇಕಾದಾಗ ಬೇಕಾದಷ್ಟೇ ತರಿಸುವುದು ಜಪಾನಿನ ಟೊಯೋಟಾ ಕಾರ್ಖಾನೆಯವರು ಬೆಳೆಸಿದ ಕ್ರಮ. ಈಗ ಕಟ್ಟಡ ಕೆಲಸದವರೂ ಅದನ್ನು ಕಲಿಯುತ್ತಿದ್ದಾರೆ. ದರ್ಜಿ ಬಟ್ಟೆ ಕತ್ತರಿಸುವ ಮೊದಲು ಅಳತೆ ಗುರುತು ಹಾಕಿಕೊಳ್ಳುವಂತೆ, ಎಂಜಿನಿಯರುಗಳು ಇಡೀ ಮನೆಯನ್ನು ಮೊದಲು ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ನೀರಿನ ಪೈಪು ತೊಲೆಗೆ ಅಡ್ಡ ಬಂದರೆ ತೆರೆಯ ಮೇಲೇ ಗೊತ್ತಾಗುತ್ತದೆ. ಹೊಸ ಗೋಡೆಯನ್ನು ಒಡೆಯಬೇಕಾಗಿ ಬರುವುದಿಲ್ಲ.

ಬೆಸುಗೆಯ ಬದಲು ಬೋಲ್ಟು ಹಾಕಿ ಉಕ್ಕಿನ ತೊಲೆಗಳನ್ನು ಜೋಡಿಸುವವರೂ ಇದ್ದಾರೆ. ಬೇಡವಾದಾಗ ಸ್ಪ್ಯಾನರ್ ಹಿಡಿದು ಬಿಚ್ಚಿ, ಇನ್ನೊಂದು ಕಡೆ ಹಾಗೇ ನಿಲ್ಲಿಸಬಹುದು. ನಿಮ್ಮ ಬೀದಿಯಲ್ಲಿ ಯಾವುದಾದರೂ ಮನೆ ಕೆಡವುತ್ತಿದ್ದರೆ ದೂರ ನಿಂತು ಗಮನಿಸಿ. ಯಾವುದು ಇಡಿಯಾಗಿ ಬಂತು, ಯಾವುದು ಪುಡಿಯಾಯಿತು ಎಂದು ಬರೆದಿಟ್ಟು, ಏಕೆ ಹಾಗಾಯಿತೆಂದು ಅಲ್ಲಿಯ ಮೇಸ್ತ್ರಿಯನ್ನು ಕೇಳಿ.