ಎರೆಭೂಮಿಯ ಜೀಪಿಗೆ ಎಂಥ ಗೇರು?

ಸಿಂಧನೂರಿನಲ್ಲಿ ಹಳೆಯ ಜೀಪನ್ನು ಕೊಳ್ಳಲು ಹೊರಟವರು ಮೊದಲು ಎಂಜಿನನ್ನು ವಿಚಾರಿಸುತ್ತಾರೆ, ಆಮೇಲೆ ಟೈರನ್ನು ಒದ್ದು ನೋಡುತ್ತಾರೆ. ಗೇರುಬಾಕ್ಸಿನ ಬೆನ್ನಿಗೇ ಇನ್ನೊಂದು ಪೆಟ್ಟಿಗೆಯಿದೆ, ಅದೇ ಶಕ್ತಿಯನ್ನು ಮುಂದಿನ ಗಾಲಿಗಳಿಗೂ ಹಿಂದಿನ ಗಾಲಿಗಳಿಗೂ ಹಂಚುವುದು ಎಂದು ಅದರ ಸುದ್ದಿ ಎತ್ತುವವರು ವಿರಳ. ಇದರ ಹೆಸರು ಟ್ರಾನ್ಸ್‌ಫರ್ ಕೇಸ್. ಹಂಚುವುದಷ್ಟೇ ಇದರ ಕೆಲಸವಲ್ಲ. ಸಣ್ಣ ಸನ್ನೆಗೋಲೊಂದನ್ನು ಎಳೆದರೆ ಎಂಜಿನಿನ ವೇಗವನ್ನು ಮತ್ತೊಮ್ಮೆ ತಗ್ಗಿಸಿ, ಎಳೆಯುವ ಬಲವನ್ನು ಅಷ್ಟೇ ಪಾಲು ಹೆಚ್ಚಿಸುತ್ತದೆ. ಎಷ್ಟು ಪಾಲು ಎಂಬುದೇ ಇಂದಿನ ಪ್ರಶ್ನೆ.

ಜೀಪಿನ ಚರಿತ್ರೆಯಲ್ಲಿಯೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಈ ಪಾಲು 1.97. ಯುದ್ಧ ಮುಗಿದು 1945ರಲ್ಲಿ ರೈತನಿಗೆಂದು ಅದೇ ಕಂಪನಿ ಜೀಪು ಮಾಡಿದಾಗ ಅದನ್ನು 2.46ಕ್ಕೆ ಏರಿಸಿತು, ಗೇರುಬಾಕ್ಸು, ಅಚ್ಚುಗಳ ಗೇರುಗಳನ್ನೂ ಬದಲಿಸಿತು. ಪೆಟ್ಟಿಗೆಯ ಒಂದು ಅಂಕಿಯನ್ನು ಮಾತ್ರ ನೋಡಿ ಮರುಳಾಗಬಾರದು. ಗೇರುಬಾಕ್ಸಿನ ಮೊದಲ ಗೇರು, ಟ್ರಾನ್ಸ್‌ಫರ್ ಕೇಸು, ಅಚ್ಚು ಈ ಮೂರನ್ನೂ ಗುಣಿಸಬೇಕು. ಸೈನ್ಯದ ಜೀಪಿಗೆ 2.665, 1.97, 4.88 ಗುಣಿಸಿದರೆ ಸುಮಾರು 25.6 ಬರುತ್ತದೆ. ರೈತನ ಜೀಪಿಗೆ 2.798, 2.46, 5.38 ಗುಣಿಸಿದರೆ 37. ಎಂಜಿನು ನಿಮಿಷಕ್ಕೆ ಸಾವಿರ ಸುತ್ತು ತಿರುಗುವಾಗ ಮೊದಲನೆಯದು ಗಂಟೆಗೆ 5 ಕಿಲೋಮೀಟರಿನಂತೆ ಬಿರುಸಾಗಿ ನಡೆಯುವ ಮನುಷ್ಯನ ಹೆಜ್ಜೆಯಲ್ಲಿ ಹೋದರೆ, ಎರಡನೆಯದು ಮೂರೂವರೆ ಕಿಲೋಮೀಟರಿನಂತೆ ಎತ್ತಿನ ಗಾಡಿಯ ಜೊತೆ ಹೋಗುತ್ತದೆ. ನೇಗಿಲು ಹೂಡಬೇಕೆಂದು ಮಾಡಿದ ಲೆಕ್ಕವಲ್ಲವೆ!

ಹಾಗಾದರೆ ಪಾಲು ಹೆಚ್ಚಿದಷ್ಟೂ ಒಳ್ಳೆಯದೆ? ಅಮೆರಿಕದ ಬಂಡೆ ಹತ್ತುವವರಿಗಾಗಿ 2003ರಿಂದ ರ್‍ಯಾಂಗ್ಲರ್ ಜೀಪಿನ ರೂಬಿಕಾನ್ ಮಾದರಿಯಲ್ಲಿ 4 ಪಾಲಿನ ಪೆಟ್ಟಿಗೆ ಬಂದಿತು. ಅದನ್ನು ಕೇಳಿದ ನಮ್ಮ ತರುಣರೂ ಹಳೆಯ ಜೀಪಿಗೆ ಅಂಥದ್ದೇ ಬೇಕೆನ್ನುತ್ತಾರೆ. ಮಸ್ಕಿಯ ಬಂಡೆಗುಡ್ಡಗಳ ನಡುವೆ ಅದು ಸೊಗಸು ಎನ್ನಬಹುದು. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಈ ಕಲ್ಲುಗಳಲ್ಲಿಯೇ. ಅಲ್ಲಿ ಗಾಲಿ ಕಲ್ಲಿನಿಂದ ಕಲ್ಲಿಗೆ ಮೆಲ್ಲಗೆ ಇಳಿಯಬೇಕು, ಕ್ಲಚ್ಚಿಗೂ ಬ್ರೇಕಿಗೂ ಆಯಾಸವಾಗಬಾರದು. ಲಿಂಗಸುಗೂರಿನ ಕಡೆಯ ಗಟ್ಟಿ ಮಸಾರಿಯಲ್ಲಿ ಮಾತ್ರ ಯಾವ ಪಾಲಾದರೂ ನಡೆದೀತು.

ಸಿಂಧನೂರಿನ ಎರೆಯ ಕಥೆ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಈ ಕರಿಮಣ್ಣು ಮಳೆ ಬಿದ್ದ ಮೇಲೆ ಟೈರಿನ ಹಲ್ಲುಗಳ ಸಂದನ್ನೆಲ್ಲ ತುಂಬಿ ಗಾಲಿಯನ್ನು ನುಣ್ಣನೆಯ ಉಂಡೆ ಮಾಡುತ್ತದೆ. ಇಲ್ಲಿ ಕೊರತೆ ಬಲದ್ದಲ್ಲ, ಹಿಡಿತದ್ದು. ಹೊರೆಸಹಿತ 1300 ಕಿಲೋ ತೂಗುವ ಜೀಪಿಗೆ ಒದ್ದೆ ಎರೆ ತೂಕದ ಹತ್ತರಲ್ಲಿ ಮೂರು ಪಾಲು ಹಿಡಿತ ಕೊಟ್ಟಿತೆಂದಿಟ್ಟುಕೊಳ್ಳೋಣ: 390 ಕಿಲೋ ಆಯಿತು. ಮೇಲೆ ಹೇಳಿದ 37 ಪಾಲಿನಲ್ಲಿ ಎಂಜಿನು ಸಾವಿರ ಕಿಲೋಗೂ ಮೀರಿ ಎಳೆಯಬಲ್ಲುದು. ಉಳಿದ ಬಲವೆಲ್ಲ ಗಾಲಿಯನ್ನು ನಿಂತಲ್ಲೇ ಸುತ್ತಿಸಿ ಗುಂಡಿ ತೋಡುವುದಕ್ಕೆ, ಇಲ್ಲವೆ ಕಲ್ಲಿಗೆ ಸಿಕ್ಕಾಗ ಅಚ್ಚಿನ ಸರಳನ್ನು ಮುರಿಯುವುದಕ್ಕೆ!

ಕೆಸರಿನಲ್ಲಿ ಬೇಕಾದುದು ಒಂದೇ ಸಮನಾದ ಓಟ, ಮೆತ್ತಿದ ಮಣ್ಣನ್ನು ಟೈರು ಎಸೆದುಬಿಡುವಷ್ಟು ವೇಗ. 2.46ರ ಪೆಟ್ಟಿಗೆಯಲ್ಲಿ ಎರಡನೆಯ ಗೇರು ಹಾಕಿ ಎಂಜಿನನ್ನು ಎರಡು ಸಾವಿರ ಸುತ್ತಿಗೆ ತಂದರೆ ಗಂಟೆಗೆ ಸುಮಾರು 13 ಕಿಲೋಮೀಟರು. 4ರ ಪೆಟ್ಟಿಗೆಯಲ್ಲಿ ಅದೇ ಗೇರಿಗೆ 8 ಮಾತ್ರ. ವೇಗ ಸಾಲದೆಂದು ನಡು ಕೆಸರಿನಲ್ಲಿ ಗೇರು ಬದಲಿಸಲು ಕ್ಲಚ್ಚು ಒತ್ತಿದಿರೋ, ಗಾಡಿ ಅಲ್ಲಿಯೇ ಕುಳಿತಿತು. ಮಳೆಗಾಲದ ರಾತ್ರಿ ಕ್ಯಾಂಪಿನಿಂದ ಬಸುರಿಯನ್ನು ಆಸ್ಪತ್ರೆಗೆ ಒಯ್ಯುವವರಿಗೆ ಈ 5 ಕಿಲೋಮೀಟರಿನ ಅಂತರ ಏನೆಂದು ಗೊತ್ತು. ಆದಕಾರಣ ಈ ಮೂರೂ ಊರುಗಳ ನಡುವೆ ಓಡಾಡುವ ಗಾಡಿಗೆ 2ರಿಂದ ಎರಡೂವರೆಯೊಳಗಿನ ಪಾಲೇ ಸರಿ ಎಂಬುದು ನನ್ನ ಅಭಿಪ್ರಾಯ. ಹೆಚ್ಚಿನ ಹಣವಿದ್ದರೆ ಒಳ್ಳೆಯ ಕೆಸರು ಟೈರಿಗೆ ಹಾಕಿರಿ. ಆದರೆ ವ್ಯಾಸ ಹಿಗ್ಗಿಸಬೇಡಿರಿ: ಟೈರು ಹತ್ತರಲ್ಲೊಂದು ಪಾಲು ದೊಡ್ಡದಾದರೆ ನಿಮ್ಮ 37 ಮೂವತ್ತಮೂರೂವರೆಯಂತೆ ನಡೆದುಕೊಳ್ಳುತ್ತದೆ.

ಇನ್ನೊಂದು ಮಾತು. ಹಳೆಯ ಜೀಪಿನಲ್ಲಿ ಮುಂದಿನ ಅಚ್ಚಿಗೂ ಹಿಂದಿನದಕ್ಕೂ ನಡುವೆ ಡಿಫರೆನ್ಷಿಯಲ್ ಇಲ್ಲ. ಡಾಂಬರು ಹೆದ್ದಾರಿಗೆ ಹತ್ತಿದೊಡನೆ ಮುಂದಿನ ಗಾಲಿಗಳನ್ನು ಬಿಡಿಸಿರಿ. ಇಲ್ಲದಿದ್ದರೆ ತಿರುವುಗಳಲ್ಲಿ ಗೇರುಗಳು ಒಂದನ್ನೊಂದು ಹಿಂಡುತ್ತವೆ.

ಮಾರುವವನ ಮಾತು ನಂಬದೆ ಪಾಲನ್ನು ನೀವೇ ಎಣಿಸಬಹುದು. ಎಂಜಿನು ಆರಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ನಾಲ್ಕೂ ಗಾಲಿಗಳು ನೆಲ ಬಿಡುವಂತೆ ಗಾಡಿಯನ್ನು ಗಟ್ಟಿ ದಿಮ್ಮಿಗಳ ಮೇಲೆ ಕೂರಿಸಿರಿ. ಗೇರುಬಾಕ್ಸನ್ನು ಮೂರನೆಯ ಗೇರಿಗೂ ಟ್ರಾನ್ಸ್‌ಫರ್ ಕೇಸನ್ನು ತಗ್ಗಿಗೂ ಹಾಕಿ, ಹ್ಯಾಂಡಲಿನಿಂದ ಎಂಜಿನನ್ನು ತಿರುಗಿಸಿರಿ. ಹಿಂದಿನ ಪ್ರೊಪೆಲರ್ ಶಾಫ್ಟಿನ ಮೇಲೆ ಸುಣ್ಣದ ಗೆರೆ ಎಳೆದಿರಲಿ. ಗೆರೆ ಒಂದು ಸುತ್ತು ಬರುವಷ್ಟರಲ್ಲಿ ಹ್ಯಾಂಡಲು ಎರಡು ಸುತ್ತು ತಿರುಗಿದರೆ ಅದು ಸೈನ್ಯದ ಪೆಟ್ಟಿಗೆ, ಹತ್ತಿರ ಹತ್ತಿರ ಎರಡೂವರೆ ತಿರುಗಿದರೆ ರೈತನದು.