ಕಾಲೇಜಿನ ಪ್ರಬಂಧವೂ ನಮ್ಮ ಉದ್ರಿ ಪುಸ್ತಕವೂ

(ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಸ್ಥರು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಮೊದಲನೆಯ ಪಾಳಿ ಮುಗಿಸಿ ಮನೆಗೂ ಹೋಗದೆ ಬಂದು ಕುಳಿತವರಿದ್ದೀರಿ. ಅಂಗಡಿಯಲ್ಲಿ ಮಗನನ್ನು ಕೂರಿಸಿ ಬಂದವರಿದ್ದೀರಿ. ಆದ್ದರಿಂದ ಸುತ್ತು ಬಳಸದೆ ವಿಷಯಕ್ಕೆ ಬರುತ್ತೇವೆ.

ಕಳೆದ ವಾರ ನಮ್ಮ ಊರಿನ ಒಂದು ಪದವಿ ಕಾಲೇಜಿನಲ್ಲಿ ಬಿ.ಎ. ಓದುವ ಹುಡುಗ ಹುಡುಗಿಯರು ತಾವೇ ಊರು ಸುತ್ತಿ ವಿಚಾರಿಸಿ ಬರೆದ ಪ್ರಬಂಧಗಳನ್ನು ಸಭೆಯಲ್ಲಿ ಓದಿದರು. ನಮಗೂ ಕರೆ ಇತ್ತು. ಐದು ಮಂದಿ ಹೋಗಿದ್ದೆವು. ಹೋಗುವಾಗ ನಮ್ಮಲ್ಲಿ ದೊಡ್ಡ ಉತ್ಸಾಹವೇನೂ ಇರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಹಾರ, ಶಾಲು, ಸ್ವಾಗತ, ವಂದನಾರ್ಪಣೆ; ಇವುಗಳ ನಡುವೆ ಸಿಕ್ಕ ಸಮಯದಲ್ಲಿ ಮಕ್ಕಳ ಓದು ಎಂದುಕೊಂಡಿದ್ದೆವು. ಅರ್ಧ ಹಾಗೆಯೇ ಆಯಿತು. ಕೆಲವರು ಕಂಪ್ಯೂಟರಿನಿಂದ ಇಳಿಸಿಕೊಂಡದ್ದನ್ನು ಗಟಗಟನೆ ಓದಿ ಪ್ರಮಾಣಪತ್ರ ಪಡೆದು ಇಳಿದರು. ಅವರ ಮಾತು ಬಿಡೋಣ. ಎರಡು ಪ್ರಬಂಧಗಳ ಬಗ್ಗೆ ಮಾತ್ರ ಹೇಳಬೇಕಾಗಿದೆ, ಏಕೆಂದರೆ ಅವೆರಡೂ ನಮ್ಮವೇ.

ಮೊದಲನೆಯದು ರಸ್ತೆ ಬದಿಯ ವ್ಯಾಪಾರದ ಮೇಲೆ. ಹುಡುಗ ಚುರುಕು. ಮಾರುಕಟ್ಟೆ ರಸ್ತೆಯ ನಕ್ಷೆ ಬರೆದು ಎಷ್ಟು ತಳ್ಳುವ ಗಾಡಿ, ಎಷ್ಟು ಬುಟ್ಟಿ, ಯಾರು ಎಲ್ಲಿ ಎಂದು ಗುರುತು ಹಾಕಿದ್ದ. ಓದು ಮುಗಿದಾಗ ಹಿಂದಿನ ಬೆಂಚಿನಿಂದ ಸೊಪ್ಪು ಮಾರುವ ಅಜ್ಜಿಯೊಬ್ಬರು ಎದ್ದು ನಿಂತು, "ಏನಪ್ಪಾ, ಇದರಲ್ಲಿ ನಾನೆಲ್ಲಿದ್ದೀನಿ?" ಎಂದರು. ಹುಡುಗ ಹಾಳೆ ತಿರುವಿದ, ಮುರುವಿದ. ಅಜ್ಜಿ ಇರಲಿಲ್ಲ. ವಿಚಾರಿಸಿದರೆ, ಅವನು ಲೆಕ್ಕಕ್ಕೆ ಹೋದದ್ದು ತರಗತಿ ಬಿಟ್ಟ ಮೇಲೆ, ಮಧ್ಯಾಹ್ನ ಎರಡಕ್ಕೆ. ಅಜ್ಜಿ ಬುಟ್ಟಿ ಇಳಿಸುವುದು ಬೆಳಗಿನ ಐದಕ್ಕೆ, ಎತ್ತುವುದು ಒಂಬತ್ತಕ್ಕೆ.

ಸಭೆ ನಕ್ಕಿತು. ನಾವು ನಗಲಿಲ್ಲ. ಏಕೆಂದರೆ 2014ರಲ್ಲಿ ಕೇಂದ್ರದಲ್ಲಿ ಬೀದಿ ವ್ಯಾಪಾರಿಗಳ ಕಾಯಿದೆ ಬಂದಿದೆ. ಅದರ ಪ್ರಕಾರ ಊರಿನ ಬೀದಿ ವ್ಯಾಪಾರಿಗಳ ಸಮೀಕ್ಷೆ ಐದು ವರ್ಷಕ್ಕೊಮ್ಮೆಯಾದರೂ ಆಗಬೇಕು. ಸಮೀಕ್ಷೆಯಲ್ಲಿ ಹೆಸರು ಬಂದವರಿಗೆ ಜಾಗ ಕೊಡಬೇಕು, ಅದು ಮುಗಿಯುವ ತನಕ ಯಾರನ್ನೂ ಎಬ್ಬಿಸಬಾರದು. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಈಗ ಹೇಳಿ, ಎಣಿಸುವವನು ಮಧ್ಯಾಹ್ನ ಎರಡಕ್ಕೆ ಬಂದರೆ ಅಜ್ಜಿಗೆ ಜಾಗ ಎಲ್ಲಿಂದ ಬರಬೇಕು? ಹುಡುಗನ ತಪ್ಪು ಕಾಲೇಜಿನ ಹಾಳೆಯ ಮೇಲೆ ಆಯಿತು, ತಿದ್ದಬಹುದು. ಸರ್ಕಾರಿ ಕಾಗದದ ಮೇಲೆ ಆಗಿದ್ದರೆ? ಆ ಹುಡುಗನ ದೊಡ್ಡತನವೆಂದರೆ, ಮಾರನೆಯ ಬೆಳಿಗ್ಗೆಯೇ ಐದು ಗಂಟೆಗೆ ಕೊರೆಯುವ ಚಳಿಯಲ್ಲಿ ಮಾರುಕಟ್ಟೆಯಲ್ಲಿ ನಿಂತಿದ್ದನಂತೆ. ಅಜ್ಜಿಯೇ ನಮಗೆ ಹೇಳಿದರು.

ಎರಡನೆಯ ಪ್ರಬಂಧ ಓದಿದವಳು ಗಿರಣಿಯ ನೂಲುವ ಖಾತೆಯ ಬದಲಿ ಕೆಲಸಗಾರನೊಬ್ಬನ ಮಗಳು. ವಿಷಯ, ಕಿರಾಣಿ ಅಂಗಡಿಯ ಉದ್ರಿ. ಅಂಗಡಿಯವರನ್ನು ಕಾಡಿ ಬೇಡಿ ಮೂರು ಉದ್ರಿ ಪುಸ್ತಕಗಳನ್ನು ನೋಡಿದ್ದಳು. ಬದಲಿಯವನಿಗೆ ಕೆಲಸ ಸಿಕ್ಕದ ವಾರ ಮೊದಲು ನಿಲ್ಲುವುದು ಬೇಳೆ, ಆಮೇಲೆ ಎಣ್ಣೆ. ಚಹಾಪುಡಿ, ಸಕ್ಕರೆ ಕೊನೆಯವರೆಗೂ ನಿಲ್ಲುವುದಿಲ್ಲ ಎಂದು ತೋರಿಸಿದಳು. ಪಗಾರದ ದಿನ ಅಂಗಡಿಯವನು ಪೂರ್ತಿ ಬಾಕಿ ಕೇಳುವುದಿಲ್ಲ, ಕೇಳಿದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ; ಅಂಗಡಿಯವನ ತಲೆಯ ಮೇಲೆಯೂ ಸಗಟು ವ್ಯಾಪಾರಿಯ ಉದ್ರಿ ಕುಳಿತಿದೆ ಎಂದಳು. ಕೆಲಸಗಾರನಿಗೂ ಅಂಗಡಿಕಾರನಿಗೂ ಎಷ್ಟೋ ವರ್ಷದಿಂದ ನಡೆದಿರುವ ಜಗಳವನ್ನು ಇಷ್ಟು ಸ್ಪಷ್ಟವಾಗಿ ಬಿಡಿಸಿ ಹೇಳಿದ್ದನ್ನು ನಾವು ಹಿಂದೆ ಕೇಳಿರಲಿಲ್ಲ. ನಮ್ಮ ಎಷ್ಟೋ ಭಾಷಣಗಳಲ್ಲಿ ಇದು ಬಂದಿಲ್ಲ.

ಆದರೆ ಅಷ್ಟರಲ್ಲಿ ಒಬ್ಬ ಅಂಗಡಿಯ ಯಜಮಾನರು ಕೆಂಡವಾಗಿ ಎದ್ದರು. ಹುಡುಗಿ ಹೆಸರು ಹೇಳಿರಲಿಲ್ಲ, ನಿಜ. "ಬೋರ್‌ವೆಲ್ ಪಂಪಿನ ಪಕ್ಕದ ಅಂಗಡಿ" ಎಂದು ಬರೆದಿದ್ದಳು. ಪಂಪಿನ ಪಕ್ಕ ಇರುವುದು ಒಂದೇ ಅಂಗಡಿ! "ತಂಗಿ, ನಿನ್ನನ್ನು ನಂಬಿ ಪುಸ್ತಕ ಕೊಟ್ಟೆ. ನಾಳೆ ಸಗಟಿನವನು ನನಗೆ ಮಾಲು ಕೊಡುತ್ತಾನೆಯೇ?" ಎಂದು ಕೇಳಿದರು. ಹುಡುಗಿಯ ಕಣ್ಣಲ್ಲಿ ನೀರು. ಅಧ್ಯಾಪಕರು ಸಮಯವಾಯಿತೆಂದು ಗಂಟೆ ಬಾರಿಸಿದರು. ಅದು ನಮಗೆ ಸರಿಕಾಣಲಿಲ್ಲ. ಆ ದಿನದ ನಿಜವಾದ ಪಾಠ ಅಲ್ಲಿಯೇ ಪ್ರಾರಂಭವಾಗಿತ್ತು. ಬಡವರ ಮನೆಯ ಮಾತನ್ನು ಹೊರಗೆ ಹೇಳುವಾಗ ಹೆಸರು ಮುಚ್ಚಿದರೆ ಸಾಲದು, ಗುರುತನ್ನೂ ಮುಚ್ಚಬೇಕೆಂದು ಆ ಹುಡುಗಿಗೆ ಮೊದಲೇ ಕಲಿಸಬೇಕಾದವರು ಅವರೇ ಅಲ್ಲವೇ?

ಬಿ.ಎ. ಮಕ್ಕಳ ಪ್ರಬಂಧಕ್ಕೆ ಇಷ್ಟೊಂದು ಮಾತೇಕೆ ಎಂದು ಕೆಲವರು ಕೇಳಬಹುದು. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿಚಾರಗೋಷ್ಠಿಯೊಂದರಲ್ಲಿ 25 ವರ್ಷ ವಯಸ್ಸಿನ ವಿದ್ಯಾರ್ಥಿಯೊಬ್ಬರು ಭಾರತದ ಜಾತಿಗಳ ಮೇಲೆ ಪ್ರಬಂಧ ಓದಿದರು. ತಮ್ಮತಮ್ಮೊಳಗೇ ಮದುವೆ ಎಂಬ ಕಟ್ಟೇ ಜಾತಿಯ ತಿರುಳು ಎಂದು ಅದರಲ್ಲಿ ತೋರಿಸಿದರು. ಓದಿದವರು ಅಂಬೇಡ್ಕರ್. ಅವರು ಆಗ ಬಿ.ಎ. ದಾಟಿದ್ದರು, ಸರಿ, ಆದರೂ ವಿದ್ಯಾರ್ಥಿಯೇ. ಅದರ ಮರುವರ್ಷ, 1917ರಲ್ಲಿ, ಚಂಪಾರಣದಲ್ಲಿ ಗಾಂಧೀಜಿಯೂ ಅವರ ಜೊತೆಗಾರರೂ ಭಾಷಣಕ್ಕಿಂತ ಮೊದಲು ಮಾಡಿದ್ದು ಹಳ್ಳಿ ಹಳ್ಳಿಯ ರೈತರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ. ಸಾವಿರಾರು ಹೇಳಿಕೆಗಳು! ಪಾಟೀಸವಾಲು ಮಾಡಿ, ಸುಳ್ಳನ್ನು ಬೇರ್ಪಡಿಸಿ ಬರೆದರು. ಬಿಗಾಕ್ಕೆ 20 ಕಟ್ಠಾದಲ್ಲಿ 3 ಕಟ್ಠಾ ನೀಲಿಯನ್ನೇ ಬೆಳೆಯಬೇಕೆಂಬ ಪದ್ಧತಿ 1918ರ ಕಾಯಿದೆಯಿಂದ ಹೋಯಿತು. 1982ರ ಜನವರಿಯಲ್ಲಿ ಪ್ರಾರಂಭವಾದ ಮುಂಬಯಿ ಗಿರಣಿ ಮುಷ್ಕರ ಮುರಿದುಬಿದ್ದ ಎಷ್ಟೋ ವರ್ಷಗಳ ಮೇಲೆ ಇಬ್ಬರು ಮಹಿಳೆಯರು ಅಲ್ಲಿಯ ಕೆಲಸಗಾರರ ಬಾಯಿಮಾತುಗಳನ್ನು ಕಲೆಹಾಕಿ 2004ರಲ್ಲಿ ಪುಸ್ತಕ ಮಾಡಿದರು. ಗಿರಣಿಯ ಚಿಮಣಿ ಉರುಳಿದರೂ ಮಾತು ಉಳಿಯಿತು. ನಮ್ಮ ಊರಿನಲ್ಲಿ ಹಳೆಯ ಗಿರಣಿಯ ನೆನಪಿರುವ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಬಳಿ ಕುಳಿತು ಬರೆದುಕೊಳ್ಳುವವರು ಯಾರು?

2021ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ತಂದರು, ಸಂಶೋಧನೆ ನಾಲ್ಕನೆಯ ವರ್ಷದಲ್ಲಿ ಎಂದರು. 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿದರು. ಬದಲಿ ಕೂಲಿಯವನಿಗೆ ಮಗಳನ್ನು ಇನ್ನೊಂದು ವರ್ಷ ಓದಿಸುವ ಭಾರ ತಪ್ಪಿತು. ಅದು ಒಳ್ಳೆಯದೇ ಎಂದು ನಮ್ಮ ಅಭಿಪ್ರಾಯ. ಆದರೆ ಮೂರು ವರ್ಷದೊಳಗೇ ಈ ಕೆಲಸ ಆಗಬೇಕು. ವರ್ಷ ಕಡಮೆಯಾಯಿತೆಂದು ಬಡವರ ಮಕ್ಕಳಿಗೆ ಬಾಯಿಪಾಠ, ಅನುಕೂಲಸ್ಥರ ಮಕ್ಕಳಿಗೆ ಸಂಶೋಧನೆ ಎಂದಾಗಬಾರದು.

ಕಾಲೇಜಿನವರಿಗೆ ನಾವು ಮೂರು ಮಾತು ಬರೆದು ಕೊಟ್ಟಿದ್ದೇವೆ. ಓದು ಕನ್ನಡದಲ್ಲಿರಲಿ, ಆ ಹುಡುಗಿ ಕನ್ನಡದಲ್ಲಿ ಮಾತಾಡಿದಾಗ ಸಭೆಯೆಲ್ಲ ಕಿವಿಯಾಗಿತ್ತು, ಇಂಗ್ಲಿಷಿನಲ್ಲಿ ಓದಿದವರಿಗೆ ಆಕಳಿಕೆಯೇ ಉತ್ತರ. ವಿವರ ಕೊಟ್ಟವರಿಗೆ ಅಚ್ಚಿಗೆ ಮೊದಲು ಓದಿ ಹೇಳಲಿ. ಹೊತ್ತು ಸಂಜೆ ಇರಲಿ, ಜಾಗ ನಮ್ಮ ಓಣಿಯಾದರೂ ಆದೀತು. ಪ್ರಾಂಶುಪಾಲರು ನೋಡೋಣ ಎಂದಿದ್ದಾರೆ. ಬಿಡದೆ ಕೇಳುತ್ತೇವೆ.

ನಿಮಗೂ ಒಂದು ಮಾತಿದೆ. ಪ್ರಶ್ನೆಪಟ್ಟಿ ಹಿಡಿದು ಬಂದ ಮಕ್ಕಳನ್ನು "ನಮ್ಮ ಪಗಾರ ಕೇಳಿ ನಿನಗೇನಾಗಬೇಕು" ಎಂದು ಬಾಗಿಲಿಂದಲೇ ಅಟ್ಟಿದವರು ನಮ್ಮಲ್ಲೂ ಇದ್ದಾರೆ. ಸಾಲ ಹತ್ತು ಸಾವಿರವಿದ್ದರೆ ಎರಡು ಸಾವಿರ ಎಂದವರಿದ್ದಾರೆ. ಹೇಳಲು ಇಷ್ಟವಿಲ್ಲದಿದ್ದರೆ ಇಲ್ಲವೆನ್ನಿ, ಅದು ನಿಮ್ಮ ಹಕ್ಕು. ಹೇಳುವುದಾದರೆ ಸುಳ್ಳು ಲೆಕ್ಕ ಕೊಡಬೇಡಿ.

ಆ ಹುಡುಗಿ ಪಂಪಿನ ಸಾಲನ್ನು ಹೊಡೆದುಹಾಕಿ ಪ್ರಬಂಧವನ್ನು ಮತ್ತೆ ಬರೆದಿದ್ದಾಳೆ. ಅಂಗಡಿಯ ಯಜಮಾನರು ಅದನ್ನು ಓದಿಸಿ ಕೇಳಿ ಒಪ್ಪಿದ್ದಾರೆ. ಈಗ ಇಲ್ಲಿಯೇ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಬರುವ ಭಾನುವಾರ ಸಂಜೆ ಆರಕ್ಕೆ ಅವಳು ಇದೇ ಜಾಗದಲ್ಲಿ ಓದುತ್ತಾಳೆ. ಎರಡನೆಯ ಪಾಳಿಯವರಿಗೆ ಬೇರೆ ದಿನ ಗೊತ್ತುಮಾಡುತ್ತೇವೆ. ಹಳೆಯ ಪಗಾರ ಚೀಟಿ, ಬಾಡಿಗೆ ರಸೀತಿ ಇಟ್ಟುಕೊಂಡವರು ತನ್ನಿ. ಹೆಂಗಸರು ಮುಂದೆ ಕುಳಿತುಕೊಳ್ಳಬೇಕು. ಉದ್ರಿಯ ಲೆಕ್ಕ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.