ಮುಕ್ತಾಯದ ತಾರೀಖು ಎಲ್ಲಿ?



ನಾನು ಉಡುಪಿಯಲ್ಲಿ ಪ್ರೆಸ್ ನಡೆಸುವವನು. ನನ್ನ ಓದು ಪಿಯುಸಿಗೇ ನಿಂತಿತು. ಕಾಪುವಿನ ಮಾರಿಪೂಜೆಯ ಕರಪತ್ರ ಬಂದರೂ ‘ಎಂದಿನಿಂದ ಎಂದಿನವರೆಗೆ?’ ಎಂದು ಕೇಳಿಯೇ ಅಚ್ಚಿಗೆ ಹಾಕುತ್ತೇನೆ. ಸರಕಾರವನ್ನೂ ಹೀಗೆಯೇ ಕೇಳಬೇಡವೇ?

1962ರ ಅಕ್ಟೋಬರ್ 26ರಂದು ಚೀನಾ ಯುದ್ಧದ ಕಾರಣಕ್ಕೆ ತುರ್ತುಪರಿಸ್ಥಿತಿ ಬಂತು. ಯುದ್ಧ ಒಂದು ತಿಂಗಳಲ್ಲಿ ನಿಂತಿತು. ತುರ್ತುಪರಿಸ್ಥಿತಿ 1968ರ ಜನವರಿಯವರೆಗೆ ಎಳೆಯಿತು. 1971ರ ಡಿಸೆಂಬರ್ 3ರಂದು ಪಾಕಿಸ್ತಾನ ಯುದ್ಧಕ್ಕೆ ಮತ್ತೆ ಘೋಷಣೆ. ಯುದ್ಧ 13 ದಿನ. ಘೋಷಣೆ ರದ್ದಾದದ್ದು 1977ರ ಮಾರ್ಚ್‌ನಲ್ಲಿ! ಅದು ಜಾರಿಯಲ್ಲಿರುವಾಗಲೇ 1975ರಲ್ಲಿ ಇನ್ನೊಂದನ್ನು ಹೇರಿದರು. ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. ನಮ್ಮ ಉಡುಪಿಯ ಡಾ. ವಿ.ಎಸ್. ಆಚಾರ್ಯರು ಜೈಲು ಸೇರಿದರು.

1978ರ 44ನೇ ತಿದ್ದುಪಡಿ ಇದಕ್ಕೆ ಲಗಾಮು ಹಾಕಿತು. ಈಗ ಆರು ತಿಂಗಳಿಗೊಮ್ಮೆ ಸಂಸತ್ತಿನ ಎರಡೂ ಸದನಗಳು ವಿಶೇಷ ಬಹುಮತದಿಂದ ಒಪ್ಪಬೇಕು. ಇಲ್ಲದಿದ್ದರೆ ಘೋಷಣೆ ತಾನಾಗಿಯೇ ಬಿದ್ದುಹೋಗುತ್ತದೆ.

ಗಡಿ ಕಾಯುವ ಯೋಧನಿಗೆ ಕೈಮುಗಿಯೋಣ. ಆದರೆ ಗಡಿಯ ಹೆಸರಿನಲ್ಲಿ ನಮ್ಮ ಬಾಯಿಗೆ ಬೀಗ ಬೇಡ. ಮಣಿಪಾಲ, ಕಾರ್ಕಳದಲ್ಲಿ ಓದುತ್ತಿರುವವರೇ, ಸಂವಿಧಾನದ 352ನೇ ವಿಧಿಯನ್ನು ಕನ್ನಡದಲ್ಲೇ ಓದಿ. ನಾಳೆ ನೆರೆದೇಶದೊಡನೆ ಮನಸ್ತಾಪ ಬೆಳೆದು ಇಂಥ ಘೋಷಣೆ ಬಂದರೆ, ‘ಎಂದಿನವರೆಗೆ?’ ಎಂದು ಕೇಳುವ ಮೊದಲ ದನಿ ನಿಮ್ಮದಾಗಲಿ.

ಜೈ ಕರ್ನಾಟಕ!